ಒಲಿ ಮ್ಯಾಲ ಏನರೆ ಐತೇನ್ರಿ

ಕಂಪನಿಯ ಪ್ರತಿನಿಧಿ ಪ್ರಣವ್ ಮೂರು ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಒಂದು ಕರಿಯದು, ಒಂದು ಬೂದಿ ಬಣ್ಣದ್ದು, ಇನ್ನೊಂದಕ್ಕೆ ಅಂಗೈಯಗಲದ ಪರದೆ. "ಇಂಟರ್ನೆಟ್ ಫೋನಲ್ಲಿ ಕರಕರ ಅನ್ನೋ ಸದ್ದೇ ಇರಲ್ಲ ಮೇಡಮ್. ಎದುರಿಗೆ ಕೂತು ಮಾತಾಡಿದ ಹಾಗೇ ಇರುತ್ತೆ," ಎಂದ. ನಮ್ಮಲ್ಲಿ ಯಾರೂ ನಗಲಿಲ್ಲ. ಎದುರಿಗೆ ಕೂತು ಹೇಳುವುದು ತಪ್ಪಲಿ ಎಂದೇ ನಮ್ಮ ಊರಿನವರು ಫೋನು ತಂದದ್ದೆಂದು ಪರ ಊರಿನ ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು?

ನಮ್ಮದು ಹೇಳುವವರ ಆಫೀಸು. ಬೋರ್ಡಿನ ಮೇಲೆ ಬೇರೆ ಉದ್ದನೆಯ ಹೆಸರಿದೆ, ಅದನ್ನು ಯಾರೂ ಓದುವುದಿಲ್ಲ. ನಮ್ಮ ಊರಿನಲ್ಲಿ ಯಾರೂ ತಮ್ಮ ಕಿವಿಗೆ ತಿಳಿಸದೆ ಸಾಯುವುದಿಲ್ಲ. ಕಿವಿ ಎಂದರೆ ಅವರವರು ಆರಿಸಿಕೊಂಡ ಒಬ್ಬ ಮನುಷ್ಯ. ಮದುವೆಗೆ ಮುಂಚೆ ಬಹುಮಟ್ಟಿಗೆ ತಾಯಿ, ಆಮೇಲೆ ಗಂಡ ಅಥವಾ ಹೆಂಡತಿ. ಮದುವೆಯಾದ ಮೇಲೂ ಮಗ ಕಿವಿ ಬದಲಿಸಲಿಲ್ಲವೆಂದು ಸೊಸೆ ತವರಿಗೆ ಹೋಗಿ ಕೂತ ಜಗಳಗಳು ಇಲ್ಲಿ ಓಣಿಗೆ ಒಂದರಂತೆ ಸಿಗುತ್ತವೆ. ಮೈ ಎಷ್ಟೇ ಸೋತಿರಲಿ, ವೈದ್ಯರು ಕೈಚೆಲ್ಲಿರಲಿ, "ಇಂಥವರು ಹೋದರು" ಎಂದು ಯಾರಾದರೂ ಆ ಕಿವಿಗೆ ಬಾಯಿಬಿಟ್ಟು ಹೇಳಬೇಕು. ಅವರು "ಕೇಳಸ್ತು" ಎನ್ನಬೇಕು. ಆಗಲೇ ಅತ್ತ ಹಾಸಿಗೆಯ ಮೇಲಿನ ಉಸಿರು ನಿಲ್ಲುವುದು. ಊಹಿಸಿಕೊಂಡರೆ ನಡೆಯುವುದಿಲ್ಲ, ಬರೆದುಕೊಟ್ಟರೂ ನಡೆಯುವುದಿಲ್ಲ. ಅದಕ್ಕೇ ವೈದ್ಯರು ಕೈಚೆಲ್ಲಿದ ದಿನದಿಂದ ಕಿವಿಯಾದವರು ಆಸ್ಪತ್ರೆಯ ಮೆಟ್ಟಿಲು ಹತ್ತುವಂತಿಲ್ಲ. ಅಲ್ಲಿ ಯಾರಾದರೂ ಬಾಯಿ ತಪ್ಪಿ ಆಡಿಬಿಟ್ಟರೆ ಏನು ಗತಿ?

ಹಿಂದೆ ಇದನ್ನು ಕಾಲ್ನಡಿಗೆಯಲ್ಲಿ ಹೋಗಿ ಹೇಳುತ್ತಿದ್ದರು. ನನ್ನ ಅಜ್ಜ ಅಂಥ ಒಬ್ಬ. ಎಲೆಗೆ ಸುಣ್ಣ ಕೇಳಲು ಹೋದರೂ ಅವನನ್ನು ಕಂಡು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಹಣೆಯ ಮೇಲೆ ಕಲ್ಲೇಟಿನ ಗುರುತಿತ್ತು. ಸ್ವಂತ ತಂಗಿ ಹೆತ್ತಾಗ ಹಿತ್ತಲಿನಿಂದ ಹೋಗಿ, ಬಾಯಿಗೆ ವಸ್ತ್ರ ಸುತ್ತಿಕೊಂಡು ಕೂಸನ್ನು ನೋಡಿ ಬಂದವನು ಅವನು. ಫೋನು ಬಂದ ಮೇಲೆ ಈ ಕೆಲಸಕ್ಕೆ ಮುಖವಿಲ್ಲದಂತಾಯಿತು. ಆಫೀಸಿನಲ್ಲಿ ಹೇಳುವವರು ಹಲವರಿದ್ದೆವು. ಹಳೆಯ ಕರಿ ಫೋನುಗಳ ಕರಕರ ಸದ್ದಿನಲ್ಲಿ ಹೇಳಿದವರು ಯಾರೆಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಪೇಟೆಯಲ್ಲಿ ಎದುರಾದಾಗ, ತಮಗೆ ಹೇಳಿದವಳು ಇವಳಲ್ಲ, ಆ ಇನ್ನೊಬ್ಬಳು ಎಂದುಕೊಂಡು ಜನ ನಮ್ಮ ಜೊತೆ ನಗುತ್ತ ಮಾತಾಡುತ್ತಿದ್ದರು. ನಾವೂ ಹಾಗೇ ನಟಿಸುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ದಾವಲಬಿ ಅಕ್ಕ. ಆಫೀಸಿನಲ್ಲಿ ಎಲ್ಲರಿಗಿಂತ ಹಿರಿಯರು. ಮೊದಲ ದಿನವೇ ಹೇಳಿದ್ದರು: "ಹೆಸರು ಹೇಳೂಕಿಂತ ಮೊದಲ ಒಲಿ ಕೇಳಬೇಕು ನೀಲಾ. ಒಲಿ ಮ್ಯಾಲ ಏನರೆ ಐತೇನ್ರಿ ಅಂತ." ಯಾವ ಕಾಲದಲ್ಲೋ ಸುದ್ದಿ ಕೇಳಿ ಬಿದ್ದ ಹೆಂಗಸಿನ ಮನೆ ಒಲೆಯಿಂದ ಹತ್ತಿ ಉರಿದಿತ್ತಂತೆ, ಅಂದಿನಿಂದ ಈ ಪದ್ಧತಿ. ಹಾಗಾಗಿ ನಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಬೇರೆ ಯಾರೂ ಯಾರಿಗೂ ಕೇಳುವುದಿಲ್ಲ. ಹಸಿದು ಬಂದ ಗಂಡ ಕೂಡ ಅಡುಗೆಮನೆಗೆ ಇಣುಕಿ ನೋಡುತ್ತಾನೆಯೇ ಹೊರತು ಒಲೆಯ ಮೇಲೆ ಏನಿದೆ ಎಂದು ಬಾಯಿಬಿಟ್ಟು ಕೇಳುವುದಿಲ್ಲ.

"ಆಮ್ಯಾಲ ಸುದ್ದಿ ಹೇಳು. ಅವರು ಕೇಳಸವಲ್ದು ಅಂತಾರ. ಸಿಟ್ಟಿಗೇಳಬ್ಯಾಡ, ತಿರುಗಿ ಹೇಳು. ಮತ್ತ ಕೇಳಸವಲ್ದು ಅಂತಾರ. ಮೂರು ಸಲ ಅಂತಾರ. ಮೊದಲನೇದಕ್ಕ ಒಲಿ ಆರಸ್ತಾರ. ಎರಡನೇದಕ್ಕ ಗ್ವಾಡಿ ಹಿಡಕೊಂಡು ಕುಂದರ್ತಾರ."

"ಮೂರನೇದಕ್ಕರಿ?"

"ಅದು ಅವರದಲ್ಲ, ಆಸ್ಪತ್ರ್ಯಾಗ ಮಲಗಿದವರದು. ಅವರಿಗೂ ಒಂದೀಟು ಟೈಮ್ ಬೇಕಲ್ಲ."

ಕರಕರ ಇದ್ದದ್ದರಿಂದ ಇದೆಲ್ಲ ಸುಳ್ಳೆನ್ನಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ನಾವು ನಿಜವಾಗಿಯೂ ಕೂಗಬೇಕಾಗುತ್ತಿತ್ತು. ಕೂಗಿ ಕೂಗಿ ನನ್ನ ಗಂಟಲು ಹಾಳಾಗಿತ್ತು. ದೇವರು ಕೊಟ್ಟ ದನಿ ಹೋಗಿ ಒಡಕು ಗಡಿಗೆಯಂಥದ್ದು ಉಳಿದಿತ್ತು. ಅದಕ್ಕೇ ಹೊಸ ಫೋನು ಬರುತ್ತದೆ ಎಂದಾಗ ನಾನಂತೂ ಕುಣಿಯುವುದೊಂದು ಬಾಕಿ.

ಹೊಸ ಫೋನು ಬೇಕಾದದ್ದು ಹಳೆಯ ತಂತಿಗಳು ಸತ್ತದ್ದರಿಂದ. ಯಾರ ಕಿವಿಗೂ ಹೇಳದೆ ಸಾಯುವ ಸವಲತ್ತು ನಮ್ಮಲ್ಲಿ ಅವಕ್ಕೆ ಮಾತ್ರ ಇದೆ. ಮನೆಮನೆಗೆ ಇಂಟರ್ನೆಟ್ ತಂತಿ ಎಳೆದು ಒಂದೊಂದು ಫೋನು ಕೊಟ್ಟಿದ್ದಾಗಿತ್ತು. ಆಫೀಸಿನ ಮೇಜುಗಳಿಗೆ ಯಾವ ಫೋನು ಎಂಬುದೊಂದೇ ತೀರ್ಮಾನವಾಗಬೇಕಿತ್ತು. ಅದನ್ನು ಆರಿಸುವ ಕೆಲಸವನ್ನು ನಮ್ಮ ದೊಡ್ಡ ಸಾಹೇಬರಾದ ಪಟ್ಟಣಶೆಟ್ಟಿಯವರು ದಾವಲಬಿ ಅಕ್ಕನಿಗೆ ಒಪ್ಪಿಸಿದರು. "ನಿಮ್ಮ ಕಿವಿಗೆ ಸರಿ ಬಂದದ್ದನ್ನ ತಗೋಳೂಣು. ನೀವು ಹ್ಞೂಂ ಅನ್ನೂತನಕ ನಾ ಸಹಿ ಮಾಡೂದಿಲ್ಲ," ಎಂದರು. ಯಾವುದನ್ನು ಆರಿಸಿದರೂ ಆಮೇಲೆ ಬೈಯುವವರು ಇದ್ದೇ ಇರುತ್ತಾರೆ, ಬೈಗುಳ ಬೇರೆಯವರ ತಲೆಗೆ ಬರಲಿ ಎಂಬುದು ಸಾಹೇಬರ ಹಳೆಯ ನೀತಿ.

ಅದೇ ವಾರ ಅಕ್ಕನ ಗಂಡ ಲಾಲಸಾಬರನ್ನು ಆಸ್ಪತ್ರೆಗೆ ಸೇರಿಸಿದರು. ಅವರದು ಗಾದಿ ಅಂಗಡಿ. ಜೀವನವೆಲ್ಲ ಹತ್ತಿ ಹಿಂಜಿ, ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿದುಕೊಟ್ಟು, ಆ ಹತ್ತಿಯ ಧೂಳನ್ನೆಲ್ಲ ತಮ್ಮ ಎದೆಯೊಳಗೆ ತುಂಬಿಕೊಂಡಿದ್ದರು. ವೈದ್ಯರು ನೋಡಿ ಕೈಚೆಲ್ಲಿದರು. ಲಾಲಸಾಬರ ಕಿವಿ ದಾವಲಬಿ ಅಕ್ಕ. ಅಂದಿನಿಂದ ಅವರು ಆಸ್ಪತ್ರೆಯ ಮೆಟ್ಟಿಲಿನ ಹೊರಗೆ ಉಳಿದರು. ಇಂಥವರ ಸುದ್ದಿ ಹೇಳಿ ಎಂದು ಆಸ್ಪತ್ರೆಯವರು ನಮಗೆ ಕಳಿಸುವ ಹೆಸರಿನ ಚೀಟಿ ನನ್ನ ಕೈಗೆ ಬಂತು. ನಾನು ಅದನ್ನು ಡ್ರಾವರಿನಲ್ಲಿ ಹಾಕಿ ಬೀಗ ತಿರುವಿದೆ. ಅಕ್ಕನಿಗೆ ಎಲ್ಲ ಗೊತ್ತಿತ್ತು. ಆದರೆ ಗೊತ್ತಾಗುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಮಧ್ಯಾಹ್ನ ರೊಟ್ಟಿಯ ಡಬ್ಬಿ ತರುತ್ತಿದ್ದವರು ಆ ವಾರದಿಂದ ಕಾಗದದಲ್ಲಿ ಚುರಮುರಿ ಕಟ್ಟಿಸಿಕೊಂಡು ಬರತೊಡಗಿದರು. ಯಾಕೆಂದು ನಾನು ಕೇಳಲಿಲ್ಲ.

ಫೋನು ಪರೀಕ್ಷಿಸುವ ದಿನ ಪ್ರಣವ್ ಕರಿಯ ಫೋನನ್ನು ಅಕ್ಕನ ಮೇಜಿಗೂ ಅದರ ಜೊತೆಯದನ್ನು ಪಕ್ಕದ ಕೋಣೆಯ ನನ್ನ ಮೇಜಿಗೂ ಜೋಡಿಸಿದ. ನಡುವೆ ಗಾಜಿನ ಗೋಡೆ. "ಏನಾದರೂ ಮಾತಾಡಿ ಮೇಡಮ್," ಎಂದ. ಏನು ಮಾತಾಡುವುದು? ಫೋನು ಕೈಗೆ ಬಂದರೆ ನನ್ನ ಬಾಯಿಗೆ ಬರುವುದು ಒಂದೇ ಮಾತು. ಇಷ್ಟು ವರ್ಷ ಬೇರೇನನ್ನೂ ಫೋನಿನಲ್ಲಿ ಆಡಿದವಳಲ್ಲ. ಯೋಚಿಸುವ ಮುಂಚೆಯೇ ನಾಲಿಗೆ ಹೊರಳಿತು: "ಒಲಿ ಮ್ಯಾಲ ಏನರೆ ಐತೇನ್ರಿ?"

ಗಾಜಿನ ಆಚೆ ಅಕ್ಕನ ಕೈಯಿಂದ ರಿಸೀವರು ಜಾರಿ ಮೇಜಿನ ಮೇಲೆ ಬಿತ್ತು. ನಾನು ನಾಲಿಗೆ ಕಚ್ಚಿಕೊಂಡು ಓಡಿಹೋದೆ. ಅವರ ಮುಖ ಸುಣ್ಣ ಬಳಿದಂತಾಗಿತ್ತು. ಆದರೆ ನನ್ನನ್ನು ಬೈಯಲಿಲ್ಲ. ಪ್ರಣವನ ಕಡೆ ತಿರುಗಿ, "ದನಿ ಬರವಲ್ದು ಇದರಾಗ," ಎಂದರು.

"ಬರ್ತಿಲ್ವಾ? ಛೆ, ಇರಿ ಮೇಡಮ್." ಪ್ರಣವ್ ಬಿಚ್ಚಿದ, ಜೋಡಿಸಿದ, ತಾನೇ ಕಿವಿಗಿಟ್ಟು ನೋಡಿದ, ತಲೆ ಕೆರೆದುಕೊಂಡ. ಬೂದಿ ಬಣ್ಣದ್ದನ್ನು ಹಾಕಿದ. ಈ ಸಲ ನಾನು ಎಚ್ಚರದಿಂದ "ಅಕ್ಕಾರ, ಚಾ ಕುಡದೀರೇನ್ರಿ?" ಎಂದೆ. ಅಕ್ಕ ಕಿವಿಯಿಂದ ರಿಸೀವರನ್ನು ನಾಲ್ಕು ಬೆರಳು ದೂರ ಹಿಡಿದಿದ್ದರು. "ದನಿ ಬರವಲ್ದು," ಎಂದರು. ಪರದೆಯ ಫೋನಿನಲ್ಲೂ ಬರಲಿಲ್ಲ. ಪಾಪ, ಪ್ರಣವ್ ಮೂರನ್ನೂ ಡಬ್ಬಿಗೆ ತುಂಬಿಕೊಂಡು ತನ್ನ ಊರಿಗೆ ಹೋಗಿ ಬೇರೆ ಮೂರು ತಂದ. ಅವುಗಳಲ್ಲೂ ಒಂದರ ಗುಂಡಿ ಸಣ್ಣದಾಯಿತು, ಒಂದರ ಗಂಟೆ ಕರ್ಕಶವಾಯಿತು, ಮತ್ತೊಂದರಲ್ಲಿ ಅದೇ ದನಿ ಬರವಲ್ದು. ಮತ್ತೆ ಹೋದ, ಮತ್ತೆ ತಂದ.

ಮೊದಮೊದಲು ಊರಿನವರು ಮೆಚ್ಚಿದರು. ದಾವಲಬಿ ಎಂದರೆ ಅಷ್ಟು ಚೊಕ್ಕ, ಸಿಕ್ಕಿದ್ದನ್ನು ತಂದು ಗಂಟು ಹಾಕುವವಳಲ್ಲ ಎಂದರು. ಫೋನಿಲ್ಲದೆ ಹೇಳುವಂತಿಲ್ಲ, ಹೇಳದೆ ಯಾರೂ ಸಾಯುವಂತಿಲ್ಲ. ಯಾರೂ ಸಾಯದ ಊರಿನಲ್ಲಿ ಮೊದಲ ವಾರ ಹಬ್ಬದಂತೆಯೇ ಇತ್ತು. ಬಸ್ ನಿಲ್ದಾಣದ ಹಿಂದೆ ಮನೆಯ ಮುಂದೆಯೇ ಮಿರ್ಚಿ ಬಜ್ಜಿ ಮಾರುವ ಹೊನ್ನವ್ವನ ಮಗ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು, ಡೀಸೆಲ್ ಬೆಂಕಿಗೆ ಸಿಕ್ಕು ಎದೆಯಿಂದ ತೊಡೆಯವರೆಗೆ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದ. ಫೋನು ಬರುವುದೇ ಬೇಡ ಎಂದು ಅವಳು ದೇವರಿಗೆ ಎಣ್ಣೆ ಹರಕೆ ಹೊತ್ತಳು. ಎರಡನೇ ವಾರ ಅದೇ ಹೊನ್ನವ್ವ ನಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತಳು. ಮಗನ ಕಿವಿ ಅವಳೇ ಆದ್ದರಿಂದ ಅವಳನ್ನು ಆಸ್ಪತ್ರೆಯೊಳಗೆ ಬಿಡುವುದಿಲ್ಲ ನಿಜ, ಆದರೆ ಆಸ್ಪತ್ರೆಯ ಗೋಡೆಯ ಹೊರಗೆ ನಿಂತರೆ ಮಗನ ಕೂಗು ಕೇಳುತ್ತಿತ್ತು. ಒಳಗೆ ಬರಲಿಲ್ಲ, ಚೌಕಟ್ಟು ಹಿಡಿದು ಸಾಹೇಬರನ್ನು ಕೇಳಿದಳು: "ಯಾವಾಗ ಬರತಾವ್ರಿ ಫೋನು?" ಸಾಹೇಬರು ದಾವಲಬಿ ಅಕ್ಕನ ಕಡೆ ನೋಡಿದರು. ಅಕ್ಕ ಮೇಜಿನ ಮೇಲಿನ ಧೂಳು ಒರೆಸುತ್ತಿದ್ದರು. ಇಲ್ಲದ ಧೂಳು.

ಕಾಲ್ನಡಿಗೆಯಲ್ಲಿ ಹೋಗಿ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಸಾಹೇಬರು ನಮ್ಮನ್ನೆಲ್ಲ ಕೂರಿಸಿ ಕೇಳಿದರು. ನನ್ನ ಹಣೆಯ ಕಡೆಗೇ ಅವರ ಕಣ್ಣು ಬಂದಂತಾಯಿತು. ನಾನು ಅಜ್ಜನನ್ನು ನೆನೆದು ತಲೆ ತಗ್ಗಿಸಿದೆ. ಎಲ್ಲರೂ ತಗ್ಗಿಸಿದರು. ಹೋಗಲಿ, ಸಾಹೇಬರೇ ಒಂದು ಫೋನು ಆರಿಸಿಬಿಡಬಹುದಿತ್ತು. ಆದರೆ ಬೇಗ ಮುಗಿಸಿರಿ ಎಂದು ದಾವಲಬಿ ಅಕ್ಕನಿಗೆ ಹೇಳಿದರೆ, ನಿನ್ನ ಗಂಡನ ಸುದ್ದಿ ಬೇಗ ಕೇಳು ಎಂದ ಹಾಗಲ್ಲವೇ? ಆ ಮಾತನ್ನು ಆಡುವ ಬಾಯಿ ಇಡೀ ಊರಿನಲ್ಲಿ ಇರಲಿಲ್ಲ. ಆಸ್ಪತ್ರೆಯ ಮಂಚಗಳು ತುಂಬಿ, ವರಾಂಡದಲ್ಲಿ ಚಾಪೆ ಹಾಸಿ, ಆಮೇಲೆ ಬೇವಿನ ಮರದ ಕೆಳಗೂ ಮಲಗಿಸತೊಡಗಿದರು. ನಾವು ಮಾತ್ರ ಫೋನು ಆರಿಸುತ್ತಲೇ ಇದ್ದೆವು.

ಒಂದು ಬೆಳಿಗ್ಗೆ ಆಸ್ಪತ್ರೆಯ ಸಿಸ್ಟರ್ ಎಸ್ತೇರಮ್ಮ ನಮ್ಮ ಆಫೀಸಿಗೆ ಬಂದರು. ಅಕ್ಕ ಒಳಗಿದ್ದುದರಿಂದ ನನ್ನನ್ನು ಮೆಟ್ಟಿಲಿಗೆ ಕರೆದು ಪಿಸುದನಿಯಲ್ಲಿ ಮಾತಾಡಿದರು. "ಲಾಲಸಾಬರಿಗೆ ನೀರು ಇಳಿಯವಲ್ದು. ಮಾತಂತೂ ಎಂದೋ ನಿಂತೈತಿ. ಕೈ ಮಾತ್ರ ನಿಲ್ಲವಲ್ದು ನೋಡ್ರಿ."

"ಕೈ ಅಂದ್ರ?"

"ಗಾದಿ ಹರದಾರ. ಒಳಗಿನ ಹತ್ತಿ ಎಳದು ಎಳದು ಬೆರಳಿನ್ಯಾಗ ಹಿಂಜತಾರ. ಹಗಲೂ ರಾತ್ರಿ ಅದ ಕೆಲಸ. ಅರ್ಧ ಗಾದಿ ಖಾಲಿ ಆಗೇತಿ, ಕೆಳಗಿನ ಕಬ್ಬಣ ಬೆನ್ನಿಗೆ ಒತ್ತತೈತಿ. ಬ್ಯಾರೆ ಗಾದಿ ಹಾಕಿದ್ವಿ, ಅದನ್ನೂ ಹರದ್ರು. ಅವರೇ ಹೊಲಿದ ಗಾದಿ ಇರಬೇಕು, ಎಲ್ಲಿ ಹರೀಬೇಕು ಅನ್ನೂದು ಬೆರಳಿಗೆ ಗೊತ್ತೈತಿ." ಎಸ್ತೇರಮ್ಮ ಕಣ್ಣೊರೆಸಿಕೊಂಡರು. "ಹತ್ತಿ ಎಲ್ಲಾ ಹಾರಿ ಮತ್ತ ಅವರ ಮೂಗಿನ್ಯಾಗ ಹೋಗತೈತಿ. ನನಗ ನೋಡೂಕ ಆಗವಲ್ದು ತಂಗಿ. ಲಗೂ ಒಂದು ಫೋನ್ ತಗೋಳ್ರಿ. ಎಂಥದರೆ ತಗೋಳ್ರಿ."

ನಾನು ಒಳಗೆ ಬಂದಾಗ ಅಕ್ಕ ಚುರಮುರಿ ತರಲು ಹೊರಗೆ ಹೋಗಿದ್ದರು. ಪ್ರಣವ್ ಮೊದಲ ದಿನದ ಕರಿಯ ಜೋಡಿಯನ್ನೇ ಮತ್ತೆ ತಂದು ಜೋಡಿಸಿ, ನನ್ನ ಕೋಣೆಯದರೊಳಗೆ ಬೇಸರದಿಂದ ಪತ್ರಿಕೆಯ ಹವಾಮಾನದ ಸುದ್ದಿ ಓದುತ್ತಿದ್ದ. ನಾನು ಅಕ್ಕನ ಮೇಜಿನ ಮೇಲಿನ ಕರಿಯ ಫೋನನ್ನು ಎತ್ತಿ ಕಿವಿಗಿಟ್ಟೆ. ಒಂದೊಂದು ಅಕ್ಷರವೂ ಕೇಳಿಸಿತು. ಅವನು ಉಗುಳು ನುಂಗಿದ್ದು ಕೇಳಿಸಿತು. ಪುಟ ತಿರುವಿದ್ದು ಕೇಳಿಸಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದರೆ ಹೇಳಲಾರೆ. ಅಕ್ಕನ ಮೇಲೆ ಎನ್ನಲೇ? ಆ ಕೈಗಳನ್ನು ನೆನೆದರೆ ಅಕ್ಕನ ಮೇಲೆಯೇ. ಆದರೆ ಅಕ್ಕ ಬಾಗಿಲಲ್ಲಿ ಬಂದು ನಿಂತಾಗ, ಕಾಗದದ ಪೊಟ್ಟಣ ಹಿಡಿದ ಆ ಸಣ್ಣ ಆಕಾರವನ್ನು ನೋಡಿ ಆ ಸಿಟ್ಟು ನಿಲ್ಲಲಿಲ್ಲ.

ನಾನು ರಿಸೀವರು ಹಿಡಿದು ನಿಂತಿದ್ದುದನ್ನು ಅವರು ನೋಡಿದರು. ಪ್ರಣವನನ್ನು ಚಹಾ ಕುಡಿದು ಬಾ ಎಂದು ಕಳಿಸಿದೆ. ಅಕ್ಕ ಪೊಟ್ಟಣ ಬಿಚ್ಚಿ, "ತಿನ್ನು," ಎಂದರು. ನಾನು ಮುಟ್ಟಲಿಲ್ಲ.

"ದನಿ ಬರತೈತ್ರಿ ಅಕ್ಕಾರ."

"ಬರತೈತಿ," ಎಂದರು ಅಕ್ಕ.

"ಮೊದಲನೇ ದಿನದಿಂದ ಬರತಿತ್ತು."

"ನಿನಗ ಗೊತ್ತಾದದ್ದು ನನಗ ಗೊತ್ತಾಗಲಿಲ್ಲ ಅಂತ ತಿಳದೀಯೇನು? ಎಸ್ತೇರಮ್ಮ ಬಂದಿದ್ದಳು. ಮೆಟ್ಟಿಲ ಮ್ಯಾಲ ನಿಂತು ಏನು ಹೇಳಿದಳು ಅಂತ ಮಾತ್ರ ಹೇಳಬ್ಯಾಡ." ಒಂದೊಂದೇ ಅಕ್ಕಿಕಾಳು ಎತ್ತಿ ತಿನ್ನುವವರಂತೆ ಚುರಮುರಿ ತಿನ್ನುತ್ತಿದ್ದರು. "ಮನ್ಯಾಗ ಒಲಿ ಹಚ್ಚಿಲ್ಲ ನಾನು. ಅಂವ ಆಸ್ಪತ್ರಿಗೆ ಹೋದಾಗಿಂದ ಹಚ್ಚಿಲ್ಲ. ಒಲಿ ಹಚ್ಚಿದರ ಫೋನ್ ಬರತೈತಿ ಅನಸ್ತದ. ಹುಚ್ಚಿ ಅನ್ನು."

"ಹುಚ್ಚಿ ಅಂತ ಯಾರಂತಾರ್ರಿ. ಆದರ ಅಲ್ಲಿ ಎಷ್ಟ ಮಂದಿ ಮಲಗ್ಯಾರ. ಹೊನ್ನವ್ವನ ಮಗ…"

"ಗೊತ್ತೈತಿ." ಅಕ್ಕ ನನ್ನ ಮಾತು ತಡೆದರು. "ಸುಳ್ಳ ಹೇಳೂದಿಲ್ಲ ನೀಲಾ, ಒಂದು ದಿನ ಸಿಕ್ಕರ ಒಂದು ದಿನ ಅಂತ ಮಾಡಿದೆ. ಆದರ ಅದೊಂದ ಕಾರಣ ಅಲ್ಲ. ಈ ಸ್ವಚ್ಛ ಫೋನ್ ನನಗ ಮನಸ್ಸಿಗೆ ಬರವಲ್ದು. ಇದರಾಗ ಹೇಳಿದರ ಮೊದಲನೇ ಸಲಕ್ಕ ಕೇಳಸ್ತದ. ಕೇಳಸವಲ್ದು ಅಂತ ಯಾವ ಬಾಯಿಲೆ ಅನ್ನಬೇಕು ಮಂದಿ? ಒಲಿ ಯಾವಾಗ ಆರಸಬೇಕು, ಯಾವಾಗ ಕುಂದರಬೇಕು? ಮತ್ತ ಇನ್ನೊಂದು. ಕರಕರ ನಮಗೂ ಸೆರಗಿನಂಗ ಇತ್ತು. ಇದರಾಗ ನಮ್ಮ ದನಿ ಗುರತ ಹತ್ತತೈತಿ. ನಿನ್ನ ಅಜ್ಜನ ಪಾಡು ನಮಗ ಬರತೈತಿ."

"ಅದೆಲ್ಲ ಹಳೇ ಕಾಲದ ಮಾತ್ರಿ," ಎಂದೆ ನಾನು. ನನ್ನ ಒಡಕು ಗಂಟಲಿನ ಮೇಲೆ ಕೈ ಇಟ್ಟುಕೊಂಡು ಎಂದೆ. ನನಗೆ ಬೇಕಾದದ್ದು ಸ್ವಚ್ಛ ಫೋನು, ಅದನ್ನು ಮುಚ್ಚಿಡುವುದೇನು? "ಈಗಿನ ಮಂದಿ ಕಲ್ಲ ಒಗೀತಾರೇನ್ರಿ?"

ಅಕ್ಕ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ನನ್ನನ್ನು ನೋಡದೆ ಕೇಳಿದರು. "ಒಂದ ಹೇಳು. ಸುದ್ದಿ ಬ್ಯಾಡ. ಅಂವನ ಕೈ ಏನ್ ಮಾಡಾಕತ್ತಾವು?"

ನಾನು ಹೇಳಬಾರದಿತ್ತೇನೋ. ಕೈಯ ಬಗ್ಗೆ ಹೇಳಿದರೆ ನಿಯಮ ಮುರಿಯುವುದಿಲ್ಲ ಎಂದುಕೊಂಡು ಹೇಳಿದೆ. ಗಾದಿ ಹರಿದದ್ದು, ಹಿಂಜಿದ್ದು, ಹತ್ತಿ ಹಾರಿ ಮತ್ತೆ ಮೂಗಿಗೆ ಹೋಗುವುದು. ಅಕ್ಕ ಚುರಮುರಿಯ ಕಾಗದವನ್ನು ಮಡಚಿದರು, ಮತ್ತೆ ಮಡಚಿದರು, ಮಡಚಲಾರದಷ್ಟು ಸಣ್ಣದಾಗುವ ತನಕ ಮಡಚಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದಿಲ್ಲದೆ, ಬಾಯಿ ತೆರೆದು, ಕೂಸುಗಳು ದನಿ ಹೊರಡುವ ಮುಂಚೆ ಅಳುವ ಹಾಗೆ ಅತ್ತರು. ನಾನೂ ಅತ್ತೆ. ಪ್ರಣವ್ ಚಹಾ ಕುಡಿದು ಬಂದವನು ಬಾಗಿಲಿನಿಂದಲೇ ವಾಪಸು ಹೋದ.

ಕಣ್ಣೊರೆಸಿಕೊಂಡು ಅಕ್ಕ ಮೇಜಿನ ಮೇಲಿದ್ದ ಕರಿಯ ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ಇದ ಇರಲಿ."

"ಇದು ಎಲ್ಲಾಕ್ಕಿಂತ ಸ್ವಚ್ಛ ಕೇಳಸೂದ್ರಿ ಅಕ್ಕಾರ. ಪ್ರಣವನ ಕಡೆ ಸ್ವಲ್ಪ ಮಬ್ಬ ದನೀದೂ ಐತಿ."

"ಗೊತ್ತೈತಿ. ಅಂವ ಜನ್ಮಾನ ಎಲ್ಲಾ ಧೂಳಿನ್ಯಾಗ ಇದ್ದಾಂವ. ಹೋಗೂವಾಗರೆ ಸ್ವಚ್ಛ ಹೋಗಲಿ." ರಿಸೀವರಿನ ಮೇಲೆ ಕೈ ಆಡಿಸಿದರು. "ನೀನ ಹೇಳಬೇಕು. ಬ್ಯಾರೇದವರ ಬಾಯಿಲೆ ನಾ ಕೇಳೂದಿಲ್ಲ."

ಸಾಹೇಬರು ಸಹಿ ಮಾಡಿದರು. ಆಫೀಸಿನವರೆಲ್ಲ ಗೋಡೆಗೆ ಒರಗಿ ನಿಂತರು. ನಾನು ನನ್ನ ಕೋಣೆಗೆ ಹೋಗಿ ಡ್ರಾವರಿನ ಬೀಗ ತೆಗೆದು, ಬೇಕಿಲ್ಲದಿದ್ದರೂ ಲಾಲಸಾಬರ ಚೀಟಿಯನ್ನು ಮುಂದೆ ಇಟ್ಟುಕೊಂಡೆ. ಗಾಜಿನ ಆಚೆ ಅಕ್ಕ ಕುರ್ಚಿಯಲ್ಲಿ ಕೂತು ಸೆರಗು ಹೊದ್ದರು. ನನ್ನ ಬೆರಳು ಗುಂಡಿ ಒತ್ತಿತು. ಅವರ ಮೇಜಿನ ಮೇಲೆ ಗಂಟೆ ಬಾರಿಸಿತು. ಅವರು ತಡಮಾಡದೆ ಎತ್ತಿದರು.

"ಒಲಿ ಮ್ಯಾಲ ಏನರೆ ಐತೇನ್ರಿ ಅಕ್ಕಾರ?"

"ಇಲ್ಲವ್ವ. ಒಲಿ ಹಚ್ಚಿ ಭಾಳ ದಿನ ಆತು." ಅವರ ದನಿ ನನ್ನ ಕಿವಿಯೊಳಗೇ ಕೂತು ಮಾತಾಡಿದಂತಿತ್ತು. ಉಸಿರು ಎಳೆದದ್ದು ಕೇಳಿಸಿತು, ಬಳೆ ಸರಿದದ್ದು ಕೇಳಿಸಿತು.

"ಲಾಲಸಾಬರು ಹೋದರು."

"ಕೇಳಸವಲ್ದು."

ಮೂಲೆಯಲ್ಲಿ ನಿಂತಿದ್ದ ಪ್ರಣವ್ ಬೆಚ್ಚಿ ಮುಂದೆ ಬಂದ. "ವಾಲ್ಯೂಮ್ ಕಮ್ಮಿ ಇದೆಯೇನೋ ಮೇಡಮ್, ಆ ಪಕ್ಕದ ಗುಂಡಿ…" ಸಾಹೇಬರು ಅವನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು.

"ಲಾಲಸಾಬರು ಹೋದರು ಅಕ್ಕಾರ," ಎಂದೆ ತುಸು ಗಟ್ಟಿಯಾಗಿ.

"ಕೇಳಸವಲ್ದು ತಂಗಿ. ಜೋರಾಗಿ ಹೇಳು." ಅಕ್ಕನ ಎಡಗೈ ಗೋಡೆಯನ್ನು ಹುಡುಕಿತು.

ನಾನು ಹಳೆಯ ಫೋನಿನಲ್ಲಿ ಕೂಗುತ್ತಿದ್ದಂತೆ ಕೂಗಿದೆ. ಗಾಜು ಅದುರಿತು. ಆ ಕೋಣೆಯಲ್ಲಿ, ಮೆಟ್ಟಿಲಿನಲ್ಲಿ, ಬಹುಶಃ ಬೀದಿಯಲ್ಲಿಯೂ ಎಲ್ಲರಿಗೆ ಕೇಳಿಸಿತು. ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಕೇಳಸವಲ್ದು," ಎಂದರು.

ಅದು ಲಾಲಸಾಬರಿಗೆ ಕೊಟ್ಟದ್ದು. ನಾನು ಕಾದೆ. ಆಸ್ಪತ್ರೆಯ ಯಾವುದೋ ಮಂಚದ ಮೇಲೆ ಬೆರಳುಗಳು ಹತ್ತಿ ಹಿಂಜುತ್ತಿದ್ದವು. ಅವು 'ಆಯಿತು, ಇಷ್ಟು ಸಾಕು' ಎನ್ನುವಷ್ಟು ಹೊತ್ತು ಕಾದೆ. ಆಮೇಲೆ ಕೂಗಲಿಲ್ಲ, ಮೆಲ್ಲಗೆ ಹೇಳಿದೆ. ಈ ಫೋನಿಗೆ ಅಷ್ಟು ಸಾಕಿತ್ತು.

"ಕೇಳಸ್ತು," ಎಂದರು ದಾವಲಬಿ ಅಕ್ಕ.

ಲಾಲಸಾಬರ ಮುಷ್ಟಿಯೊಳಗೆ ಒಂದು ಹಿಡಿ ಹತ್ತಿ ಹಾಗೇ ಉಳಿದಿತ್ತಂತೆ, ಮಲ್ಲಿಗೆಯಷ್ಟು ಬೆಳ್ಳಗೆ, ಒಂದು ಗಂಟೂ ಇಲ್ಲದಂತೆ ಹಿಂಜಿದ್ದು. ಎಸ್ತೇರಮ್ಮ ಆಮೇಲೆ ಹೇಳಿದರು. ನಾವೆಲ್ಲ ಅಕ್ಕನನ್ನು ಮನೆಗೆ ಕಳಿಸಲು ಎದ್ದೆವು. ಅವರು ಏಳಲಿಲ್ಲ. "ಮಣ್ಣಿಗೆ ಸಂಜೀಮುಂದ ಹೋದರಾತು. ಉಳಿದವರ ಚೀಟಿ ತಾ," ಎಂದರು. ಅರ್ಧವನ್ನು ತಾವು ಇಟ್ಟುಕೊಂಡು ಅರ್ಧವನ್ನು ನನಗೆ ಕೊಟ್ಟರು. ಗಾಜಿನ ಆಚೆ ಅವರು, ಈಚೆ ನಾನು. ಆ ಇಡೀ ದಿನ ನಮ್ಮಿಬ್ಬರ ಬಾಯಲ್ಲೂ ಒಲೆಯದೇ ಮಾತು.

ನನ್ನ ಪಾಲಿಗೆ ಹೊನ್ನವ್ವನ ಮಗನ ಚೀಟಿ ಬಂದಿತ್ತು. "ಒಲಿ ಮ್ಯಾಲ ಏನರೆ ಐತೇನ್ರಿ?" ಎಂದೆ. "ಐತ್ರಿ. ಎಣ್ಣಿ ಕಾಯಾಕತ್ತೈತಿ," ಎಂದಳು. ಮೂರು ಸಲ ಕೇಳಸವಲ್ದು ಎಂದಳು. ಮೊದಲನೆಯದಕ್ಕೆ ಆ ಎಣ್ಣೆ ಸಿಡಿಯುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಎರಡನೆಯದಕ್ಕೆ ಅದು ನಿಂತಿತ್ತು. ಅವಳಿಗೂ ಎಲ್ಲ ಕೇಳಿಸಿತ್ತೆಂದು ನನಗೆ ಗೊತ್ತು. ಆ ದಿನ ಯಾರೂ ಮೊದಲನೇ ಸಲಕ್ಕೆ ಕೇಳಿಸಿತೆನ್ನಲಿಲ್ಲ. ದಾವಲಬಿ ಅಕ್ಕ ಹೆದರಿದ್ದ ಆ ಒಂದು ಸಂಗತಿ ಆಗಲಿಲ್ಲ. ಕರಕರ ಹೋದರೂ ಜನ ತಮ್ಮ ಮೂರು ಸಲವನ್ನು ಬಿಟ್ಟುಕೊಡಲಿಲ್ಲ, ನಾವೂ ಕಿತ್ತುಕೊಳ್ಳಲಿಲ್ಲ. ಪ್ರಣವ್ ಮಾತ್ರ ಇಷ್ಟು ಒಳ್ಳೆಯ ಫೋನಿನಲ್ಲಿ ಈ ಊರಿಗೆ ಯಾಕೆ ದನಿ ಕೇಳಿಸುವುದಿಲ್ಲ ಎಂದು ಚಿಂತಿಸುತ್ತಲೇ ಬಸ್ಸು ಹತ್ತಿದ.

ನನ್ನ ಗಂಟಲು ನಿಧಾನಕ್ಕೆ ಸುಧಾರಿಸಿತು. ಕೂಗುವ ಕೆಲಸ ತಪ್ಪಿ, ಅಂಚಿನಲ್ಲಿ ತುಸು ಒಡಕು ಉಳಿದರೂ ಹಳೆಯ ದನಿ ಮರಳಿ ಬಂತು. ಜಾತ್ರೆಯಲ್ಲಿ ಕಳೆದ ಕೂಸು ಸಿಕ್ಕಷ್ಟು ಖುಷಿಯಾಯಿತು. ಒಂದು ಸಂಜೆ ಆಫೀಸು ಮುಗಿಸಿ ಬರುವಾಗ ಹಸಿವಾಗಿ, ಬಸ್ ನಿಲ್ದಾಣದ ಹಿಂದಿನ ದಾರಿ ಹಿಡಿದೆ. ಹೊನ್ನವ್ವ ನನಗೆ ಬೆನ್ನು ಮಾಡಿ ಮೆಣಸಿನಕಾಯಿ ಸೀಳುತ್ತಿದ್ದಳು. ಪಕ್ಕದ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಮಗ ಹೋದ ಮೇಲೆ ಅವಳಿಗೆ ಉಳಿದಿದ್ದವಳು ಶಾಲೆಗೆ ಹೋಗುವ ಒಬ್ಬ ಮಗಳು. ಶಾಲೆ ಬಿಡುವ ಹೊತ್ತು ಮೀರಿತ್ತು, ಕಟ್ಟೆಯ ಮೇಲೆ ಇನ್ನೂ ಪಾಟಿಚೀಲ ಕಾಣಿಸುತ್ತಿರಲಿಲ್ಲ.

"ಎರಡು ಮಿರ್ಚಿ ಕಟ್ಟಿಕೊಡ್ರಿ," ಎಂದೆ.

ಹೊನ್ನವ್ವನ ಕೈಯ ಚಾಕು ನಿಂತಿತು. ಅವಳು ತಿರುಗಿ ನೋಡಲಿಲ್ಲ. ಬಗ್ಗಿ ಒಲೆ ಆರಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು.

"ಹೇಳ್ರಿ," ಎಂದಳು.